ಒಂದು ಹೆಸರು, ಎರಡು ಚಿತ್ರ

ಒಂದೇ ಹೆಸರಿನವರು ಇಬ್ಬರಿರುವುದು ಲೋಕದಲ್ಲಿ ಹೊಸತಲ್ಲ. ಒಂದು ತರಗತಿಯಲ್ಲಿ ಇಬ್ಬರು ಮಂಜುನಾಥರಿರಬಹುದು. ಒಂದು ಊರಿನಲ್ಲಿ ನಾಲ್ವರು ಲಕ್ಷ್ಮಮ್ಮನವರಿರಬಹುದು. ಇದರಿಂದ ನಿತ್ಯದ ವ್ಯವಹಾರಕ್ಕೆ ಹೆಚ್ಚಿನ ತೊಡಕೇನೂ ಉಂಟಾಗುವುದಿಲ್ಲ. ಮನುಷ್ಯನು ಮುಖವನ್ನು ನೋಡುತ್ತಾನೆ, ದನಿಯನ್ನು ಗುರುತಿಸುತ್ತಾನೆ, ಮಾತಿನ ಸಂದರ್ಭವನ್ನು ಅರಿಯುತ್ತಾನೆ. ಅಷ್ಟರಿಂದಲೂ ಸಂದೇಹ ತೀರದಿದ್ದರೆ ತಂದೆಯ ಹೆಸರನ್ನೋ, ಊರಿನ ಹೆಸರನ್ನೋ, ಮನೆತನದ ಹೆಸರನ್ನೋ ಕೂಡಿಸಿ ಕೇಳುತ್ತಾನೆ. ನಮ್ಮ ನಾಡಿನವರ ಹೆಸರುಗಳ ಮುಂದೆ ಬರುವ ಇನಿಷಿಯಲ್ಲುಗಳು ಈ ಅಗತ್ಯವನ್ನೇ ಪೂರೈಸುತ್ತವೆ.

ಗಣಕಯಂತ್ರಕ್ಕೆ ಈ ಸೌಕರ್ಯವಿಲ್ಲ. ಅದರ ಭಂಡಾರದಲ್ಲಿರುವ ಬರಹ, ಚಿತ್ರ, ಧ್ವನಿ ಮೊದಲಾದವುಗಳೆಲ್ಲ ಕಡತಗಳ ರೂಪದಲ್ಲಿರುತ್ತವೆ. ಯಾವುದಾದರೊಂದು ಕಡತ ಬೇಕಾದಾಗ ಅದನ್ನು ಹೆಸರು ಹೇಳಿ ಕರೆಯುವುದೇ ವಾಡಿಕೆ. ಕರೆದ ಹೆಸರಿಗೆ ಓಗೊಟ್ಟ ಕಡತದೊಳಗೆ ಏನಿದೆ, ಅದನ್ನು ಯಾರು ರಚಿಸಿದರು, ಯಾವ ಉದ್ದೇಶಕ್ಕಾಗಿ ರಚಿಸಿದರು ಎಂದು ವಿಚಾರಿಸುವ ವಿವೇಕ ಯಂತ್ರಕ್ಕಿಲ್ಲ. ಆದುದರಿಂದ ಸರಿಯಾದ ಹೆಸರಿಡುವ ಹೊಣೆಯು ಸಂಪೂರ್ಣವಾಗಿ ಮನುಷ್ಯನ ಮೇಲೆಯೇ ಬೀಳುತ್ತದೆ. ಈ ಹೊಣೆಯ ಸ್ವರೂಪವನ್ನು ಗಣಕದ ಆಟಗಳಿಗೆ ಚಿತ್ರಗಳನ್ನು ರಚಿಸುವವರ ಕೆಲಸದಲ್ಲಿ ಸ್ಪಷ್ಟವಾಗಿ ಕಾಣಬಹುದು.

ಆಟದ ಪರದೆಯ ಮೇಲೆ ನಮಗೆ ಕಲ್ಲಿನ ಗೋಡೆ, ಹುಲ್ಲಿನ ನೆಲ, ಮರದ ಬಾಗಿಲು ಮೊದಲಾದವು ಕಾಣುತ್ತವೆ. ಇವುಗಳ ಆಕಾರವೇ ಬೇರೆ, ಆಕಾರದ ಮೇಲೆ ಕಾಣುವ ಬಣ್ಣದ ವಿನ್ಯಾಸವೇ ಬೇರೆ. ರಟ್ಟಿನ ಪೆಟ್ಟಿಗೆಯೊಂದಕ್ಕೆ ಇಟ್ಟಿಗೆಯ ಚಿತ್ರವಿರುವ ಕಾಗದವನ್ನು ಅಂಟಿಸಿದರೆ ಅದು ದೂರದಿಂದ ಇಟ್ಟಿಗೆಯ ಗೂಡಿನಂತೆ ಕಾಣುವುದಷ್ಟೆ? ಆಟವನ್ನು ರಚಿಸುವವರೂ ಹೀಗೆಯೇ ಮಾಡುತ್ತಾರೆ. ಬರಿಯ ಆಕಾರಗಳ ಮೇಲೆ ಹೊದಿಸುವ ಇಂಥ ಚಿತ್ರಕ್ಕೆ ಟೆಕ್ಸ್ಚರ್ ಎಂದು ಹೆಸರು. ಒಂದೇ ಟೆಕ್ಸ್ಚರನ್ನು ಸಾವಿರ ಗೋಡೆಗಳಿಗೆ ಹೊದಿಸಬಹುದು. ಗೋಡೆಯ ವಿವರದಲ್ಲಿ ಚಿತ್ರವನ್ನೇ ತುಂಬಬೇಕಾಗಿಲ್ಲ. ಚಿತ್ರದ ಹೆಸರನ್ನು ಬರೆದಿಟ್ಟರೆ ಸಾಕು. ಆಟ ನಡೆಯುವಾಗ ಆ ಹೆಸರಿನ ಚಿತ್ರವನ್ನು ಹುಡುಕಿ ತಂದು ಹೊದಿಸಲಾಗುತ್ತದೆ.

ಈ ಏರ್ಪಾಡಿನಿಂದ ಒಂದು ದೊಡ್ಡ ಅನುಕೂಲವಿದೆ. ಅದೇ ಹೆಸರಿನಲ್ಲಿ ಬೇರೊಂದು ಚಿತ್ರವನ್ನು ಒದಗಿಸಿದರೆ ಆಟದ ಸಾವಿರ ಗೋಡೆಗಳೂ ಒಮ್ಮೆಲೇ ಹೊಸ ರೂಪವನ್ನು ತಾಳುತ್ತವೆ. ಪ್ರಪಂಚದ ನಾನಾ ಕಡೆಗಳಲ್ಲಿ ಆಟಗಾರರು ತಮಗೆ ಮೆಚ್ಚಿಕೆಯಾದ ಟೆಕ್ಸ್ಚರುಗಳನ್ನು ತಾವೇ ಬರೆದು ಆಟಗಳಿಗೆ ಕೂಡಿಸಲು ಇದೇ ದಾರಿಯಾಯಿತು. ಅನುಕೂಲವು ಎಲ್ಲಿದೆಯೋ ಅಪಾಯವೂ ಅಲ್ಲಿಯೇ ಇದೆ. ಪರಸ್ಪರ ಪರಿಚಯವಿಲ್ಲದ ಇಬ್ಬರು ತಮ್ಮ ತಮ್ಮ ಚಿತ್ರಗಳಿಗೆ ‘ಗೋಡೆ1’ ಎಂದು ಹೆಸರಿಟ್ಟರೆ ಗತಿಯೇನು? ಆಟವು ‘ಗೋಡೆ1’ ಎಂದು ಕರೆದಾಗ ಇಬ್ಬರೊಳಗೆ ಯಾರ ಚಿತ್ರ ಬರಬೇಕು? ಇದನ್ನೇ ಕಡತದ ಹೆಸರುಗಳ ಘರ್ಷಣೆ ಎನ್ನುತ್ತಾರೆ.

ಈ ಸಮಸ್ಯೆಯ ಇತಿಹಾಸವನ್ನು ತಿಳಿಯಲು ‘ಡೂಮ್’ ಎಂಬ ಆಟವು ಒಳ್ಳೆಯ ನಿದರ್ಶನವಾಗಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದ್ದ ಇಡ್ ಸಾಫ್ಟ್‌ವೇರ್ ಎಂಬ ಸಂಸ್ಥೆಯು ಇದನ್ನು 1993ರ ಡಿಸೆಂಬರ್ ತಿಂಗಳಲ್ಲಿ ಹೊರತಂದಿತು. ಅದೇ ಸಂಸ್ಥೆಯು ರಚಿಸಿ 1992ರಲ್ಲಿ ಹೊರಬಂದಿದ್ದ ‘ವುಲ್ಫೆನ್‌ಸ್ಟೈನ್ ತ್ರೀಡಿ’ ಎಂಬ ಆಟದ ಚಿತ್ರಗಳನ್ನು ಆಟಗಾರರು ತಾವಾಗಿಯೇ ಬದಲಾಯಿಸತೊಡಗಿದ್ದರು. ಆದರೆ ಹಾಗೆ ಬದಲಾಯಿಸಲು ಮೂಲ ಕಡತಗಳ ಮೇಲೆಯೇ ಹೊಸತನ್ನು ಬರೆಯಬೇಕಾಗಿತ್ತು. ನಕಲನ್ನು ಬೇರೆ ಇಟ್ಟುಕೊಳ್ಳದವರು ಮೂಲವನ್ನು ಕಳೆದುಕೊಳ್ಳುತ್ತಿದ್ದರು. ಸಂಸ್ಥೆಯ ಪ್ರಧಾನ ತಂತ್ರಜ್ಞನಾದ ಜಾನ್ ಕಾರ್ಮ್ಯಾಕನು ಆಟಗಾರರ ಈ ಉತ್ಸಾಹವನ್ನು ಗಮನಿಸಿ, ಡೂಮ್ ಆಟದಲ್ಲಿ ಚಿತ್ರ, ಧ್ವನಿ, ನಕ್ಷೆಗಳನ್ನೆಲ್ಲ ಆಟದ ಯಂತ್ರಭಾಗದಿಂದ ಪ್ರತ್ಯೇಕಿಸಿ ‘ವ್ಯಾಡ್’ ಎಂಬ ಬಗೆಯ ಕಡತದಲ್ಲಿ ಇರಿಸಿದನು.

ವ್ಯಾಡ್ ಕಡತವನ್ನು ಒಂದು ದೊಡ್ಡ ಉಗ್ರಾಣಕ್ಕೆ ಹೋಲಿಸಬಹುದು. ಅದರೊಳಗಿನ ಪ್ರತಿಯೊಂದು ವಸ್ತುವಿಗೂ ಒಂದು ಹೆಸರಿದೆ. ಎಲ್ಲ ಹೆಸರುಗಳನ್ನೂ ಕ್ರಮವಾಗಿ ಬರೆದ ಒಂದು ಸೂಚಿಯಿದೆ. ಸೂಚಿಯ ಒಂದೊಂದು ನಮೂದಿಗೂ 16 ಬೈಟುಗಳು ಮೀಸಲು. ವಸ್ತುವು ಎಲ್ಲಿದೆ ಎಂದು ಹೇಳಲು 4, ಎಷ್ಟು ದೊಡ್ಡದು ಎಂದು ಹೇಳಲು 4, ಉಳಿದ 8 ಬೈಟುಗಳು ಹೆಸರಿಗೆ. ಅಂದರೆ ಒಂದು ಹೆಸರಿನಲ್ಲಿ ಎಂಟಕ್ಕಿಂತ ಹೆಚ್ಚು ಅಕ್ಷರಗಳಿರುವಂತಿಲ್ಲ. ಆಟಗಾರನು ತನ್ನ ಚಿತ್ರಗಳನ್ನು ಬೇರೊಂದು ಚಿಕ್ಕ ವ್ಯಾಡ್ ಕಡತದಲ್ಲಿ ತುಂಬಿ ಮೂಲದ ಜೊತೆಗೆ ಸೇರಿಸಬಹುದಾಗಿತ್ತು. ಹೆಸರನ್ನು ಹುಡುಕುವಾಗ ಆಟವು ಸೂಚಿಯ ಕೊನೆಯಿಂದ ಮೊದಲಿಗೆ ಬರುತ್ತಿತ್ತು. ಹೀಗಾಗಿ ಕಡೆಯಲ್ಲಿ ಸೇರಿಸಿದ ಚಿತ್ರವೇ ಮೊದಲು ಕೈಗೆ ಸಿಕ್ಕಿ, ಅದೇ ಹೆಸರಿನ ಹಳೆಯ ಚಿತ್ರವು ಮರೆಯಾಗುತ್ತಿತ್ತು. ಮೂಲ ಕಡತಕ್ಕೆ ಕಿಂಚಿತ್ತೂ ಹಾನಿಯಿಲ್ಲ. ಸೇರಿಸಿದ ವ್ಯಾಡನ್ನು ತೆಗೆದೊಡನೆ ಹಳೆಯ ಚಿತ್ರವು ಮತ್ತೆ ಕಾಣಿಸಿಕೊಳ್ಳುತ್ತದೆ. ಇದು ಬಹು ಸೊಗಸಾದ ಉಪಾಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇಬ್ಬರು ರಚಿಸಿದ ಎರಡು ವ್ಯಾಡ್‌ಗಳನ್ನು ಆಟಗಾರನೊಬ್ಬನು ಒಟ್ಟಿಗೆ ಸೇರಿಸಿದಾಗ ತೊಡಕು ತಲೆದೋರುತ್ತಿತ್ತು. ಎಂಟು ಅಕ್ಷರಗಳ ಇಕ್ಕಟ್ಟಿನಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ಬಗೆಯ ಹೆಸರುಗಳನ್ನು ಆರಿಸಿಕೊಳ್ಳುವುದು ಸಹಜ. ಎರಡರಲ್ಲಿಯೂ ಒಂದೇ ಹೆಸರಿದ್ದರೆ ಕಡೆಯದು ಉಳಿದು ಮೊದಲಿನದು ಮರೆಯಾಗುತ್ತಿತ್ತು. ಕೆಂಪು ಇಟ್ಟಿಗೆ ಇರಬೇಕಾದ ಕಡೆ ನೀಲಿ ಕಬ್ಬಿಣದ ತಗಡು ಕಾಣಿಸಿಕೊಂಡರೂ ಆಟವು ಯಾವ ಎಚ್ಚರಿಕೆಯನ್ನೂ ಕೊಡುತ್ತಿರಲಿಲ್ಲ. ಯಂತ್ರದ ದೃಷ್ಟಿಯಲ್ಲಿ ದೋಷವೇ ನಡೆದಿಲ್ಲ. ಕೇಳಿದ ಹೆಸರಿನ ಚಿತ್ರ ಸಿಕ್ಕಿದೆ. ಸದ್ದಿಲ್ಲದೆ ನಡೆಯುವುದರಿಂದಲೇ ಈ ಬಗೆಯ ದೋಷವನ್ನು ಕಂಡುಹಿಡಿಯುವುದು ಕಷ್ಟ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ತೊಡಕಿತ್ತು. ಡೂಮ್ ಆಟದಲ್ಲಿ ಗೋಡೆಯ ಟೆಕ್ಸ್ಚರುಗಳನ್ನು ಚಿಕ್ಕ ಚಿಕ್ಕ ಚಿತ್ರಖಂಡಗಳಿಂದ ಜೋಡಿಸುತ್ತಿದ್ದರು. ಚಿತ್ರಖಂಡಗಳ ಹೆಸರುಗಳು ‘ಪಿನೇಮ್ಸ್’ ಎಂಬ ಪಟ್ಟಿಯಲ್ಲಿಯೂ, ಜೋಡಣೆಯ ವಿವರಗಳು ‘ಟೆಕ್ಸ್ಚರ್1’ ಎಂಬ ಪಟ್ಟಿಯಲ್ಲಿಯೂ ಇರುತ್ತಿದ್ದವು. ಹೊಸ ಟೆಕ್ಸ್ಚರನ್ನು ಕೂಡಿಸಬಯಸುವವನು ಹಳೆಯ ಹೆಸರುಗಳ ಜೊತೆಗೆ ತನ್ನ ಹೆಸರನ್ನೂ ಸೇರಿಸಿ ಆ ಪಟ್ಟಿಗಳನ್ನೇ ಹೊಸದಾಗಿ ಒದಗಿಸಬೇಕಾಗಿತ್ತು. ಇಬ್ಬರು ಕಲಾವಿದರು ತಮ್ಮ ಚಿತ್ರಗಳಿಗೆ ಬೇರೆ ಬೇರೆ ಹೆಸರುಗಳನ್ನೇ ಇಟ್ಟಿದ್ದರೂ ಪಟ್ಟಿಗಳ ಹೆಸರು ಮಾತ್ರ ಇಬ್ಬರಲ್ಲಿಯೂ ಒಂದೇ. ಕಡೆಯಲ್ಲಿ ಬಂದ ಪಟ್ಟಿಯು ಮೊದಲಿನ ಪಟ್ಟಿಯನ್ನು ಮರೆಮಾಡುತ್ತಿತ್ತು. ಮೊದಲಿನವನು ರಚಿಸಿದ ನಕ್ಷೆಯನ್ನು ತೆರೆದಾಗ ಆಟವು ಪಟ್ಟಿಯಲ್ಲಿಲ್ಲದ ಟೆಕ್ಸ್ಚರನ್ನು ಹುಡುಕಿ, ಅದು ಸಿಗಲಿಲ್ಲವೆಂದು ತಿಳಿಸಿ ನಿಂತೇಹೋಗುತ್ತಿತ್ತು. ಹಾಜರಿಪುಸ್ತಕವೇ ಬದಲಾಗಿಹೋದರೆ ತರಗತಿಯಲ್ಲಿ ಕುಳಿತಿರುವ ವಿದ್ಯಾರ್ಥಿಯೂ ಲೆಕ್ಕಕ್ಕೆ ಬಾರದವನಾಗುತ್ತಾನೆ. 1997ರ ಡಿಸೆಂಬರಿನಲ್ಲಿ ಸಂಸ್ಥೆಯು ಆಟದ ಮೂಲಬರಹವನ್ನು ಸಾರ್ವಜನಿಕರಿಗೆ ಒದಗಿಸಿದ ಮೇಲೆ ಉತ್ಸಾಹಿಗಳು ಅದನ್ನು ತಿದ್ದತೊಡಗಿದರು. ಹಾಗೆ ಹುಟ್ಟಿದ ಕೆಲವು ಆವೃತ್ತಿಗಳಲ್ಲಿ ಎಲ್ಲ ಪಟ್ಟಿಗಳನ್ನೂ ಒಂದುಗೂಡಿಸಿ ಓದುವ ಏರ್ಪಾಡಾಯಿತು.

ಹೆಸರುಗಳ ಘರ್ಷಣೆಗೆ ವ್ಯವಸ್ಥಿತವಾದ ಪರಿಹಾರವನ್ನು ಹುಡುಕಿದವರಲ್ಲಿ ಗಣಕತಜ್ಞರೇ ಮೊದಲಿಗರಲ್ಲ. ಸ್ವೀಡನ್ ದೇಶದ ಸಸ್ಯವಿಜ್ಞಾನಿಯಾದ ಕಾರ್ಲ್ ಲಿನೇಯಸನು 1753ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಹೆಸರನ್ನು ಕೊಟ್ಟನು. ಮೊದಲನೆಯ ಪದವು ಜಾತಿಯನ್ನೂ ಎರಡನೆಯದು ಅದರೊಳಗಿನ ಪ್ರಭೇದವನ್ನೂ ಸೂಚಿಸುತ್ತದೆ. ನಮ್ಮ ಮಾವಿನ ಮರಕ್ಕೆ ‘ಮ್ಯಾಂಜಿಫೆರಾ ಇಂಡಿಕಾ’ ಎಂದೂ ಹುಣಿಸೆಯ ಮರಕ್ಕೆ ‘ಟ್ಯಾಮರಿಂಡಸ್ ಇಂಡಿಕಾ’ ಎಂದೂ ಹೆಸರು. ಎರಡಕ್ಕೂ ‘ಇಂಡಿಕಾ’ ಎಂಬ ಪದವೇ ಬಂದಿದ್ದರೂ ಯಾರೂ ಮಾವನ್ನು ಹುಣಿಸೆಯೆಂದು ತಿಳಿಯುವುದಿಲ್ಲ. ಮೊದಲನೆಯ ಪದವು ಎರಡನೆಯದಕ್ಕೆ ಒಂದು ಗಡಿಯನ್ನು ಹಾಕಿಕೊಟ್ಟಿದೆ. ಆ ಗಡಿಯೊಳಗೆ ಹೆಸರು ಒಂದೇ ಸಲ ಬಂದರೆ ಸಾಕು. ಗಡಿಯ ಹೊರಗೆ ಎಷ್ಟು ಸಲ ಬಂದರೂ ಬಾಧಕವಿಲ್ಲ.

ಸ್ವೀಡನ್ ದೇಶದಲ್ಲಿಯೇ ಜನ್ಮತಾಳಿ 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ‘ಮೈನ್‌ಕ್ರಾಫ್ಟ್’ ಎಂಬ ಆಟದಲ್ಲಿ ಇದೇ ತತ್ತ್ವವನ್ನು ಕಾಣಬಹುದು. ಈ ಆಟದ ಜಗತ್ತು ಘನಾಕಾರದ ಗಟ್ಟಿಗಳಿಂದ ಕಟ್ಟಲ್ಪಟ್ಟಿದೆ. ಗಟ್ಟಿಯ ಒಂದೊಂದು ಮುಖಕ್ಕೂ ಹೊದಿಸುವ ಮೂಲಚಿತ್ರದಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 16, ಉದ್ದಕ್ಕೆ 16 ಚುಕ್ಕೆಗಳಿರುತ್ತವೆ. ಇಷ್ಟು ಚಿಕ್ಕ ಚಿತ್ರವಾದುದರಿಂದ ಶಾಲಾ ಬಾಲಕ ಬಾಲಕಿಯರೂ ಅದನ್ನು ಬರೆಯಬಲ್ಲರು. ಆಟದ ಜಾವಾ ಆವೃತ್ತಿಯಲ್ಲಿ 2013ರಿಂದ ಇಂಥ ಚಿತ್ರಗಳ ಕಟ್ಟನ್ನು ‘ರಿಸೋರ್ಸ್ ಪ್ಯಾಕ್’ ಎಂದು ಕರೆಯುತ್ತಾರೆ. ಆಟಗಾರನು ಹಲವು ಪ್ಯಾಕುಗಳನ್ನು ಒಂದರ ಮೇಲೊಂದರಂತೆ ಪೇರಿಸಬಹುದು. ಒಂದೇ ಹೆಸರಿನ ಚಿತ್ರ ಎರಡರಲ್ಲಿದ್ದರೆ ಮೇಲಿನ ಪ್ಯಾಕಿನದೇ ಕಾಣುತ್ತದೆ.

ಈ ಆಟದಲ್ಲಿ ಚಿತ್ರದ ಹೆಸರೆಂದರೆ ಅದರ ಪೂರ್ಣ ವಿಳಾಸ. ಕಲ್ಲಿನ ಚಿತ್ರದ ವಿಳಾಸವು ‘ಅಸೆಟ್ಸ್’ ಎಂಬ ಫೋಲ್ಡರಿನಿಂದ ಆರಂಭವಾಗಿ, ಅದರೊಳಗೆ ‘ಮೈನ್‌ಕ್ರಾಫ್ಟ್’, ಅದರೊಳಗೆ ‘ಟೆಕ್ಸ್ಚರ್ಸ್’, ಅದರೊಳಗೆ ‘ಬ್ಲಾಕ್’, ಕಡೆಗೆ ‘ಸ್ಟೋನ್’ ಎಂಬ ಕಡತದಲ್ಲಿ ಮುಗಿಯುತ್ತದೆ. ಎರಡನೆಯ ಫೋಲ್ಡರಿನ ಹೆಸರೇ ಇಲ್ಲಿ ಮುಖ್ಯವಾದುದು. ಮೂಲ ಆಟದ ಸಾಮಗ್ರಿಯೆಲ್ಲ ‘ಮೈನ್‌ಕ್ರಾಫ್ಟ್’ ಎಂಬ ಹೆಸರಿನ ಗಡಿಯೊಳಗಿದೆ. ಆಟಕ್ಕೆ ಹೊಸ ವಸ್ತುಗಳನ್ನು ಕೂಡಿಸುವವರು ತಮ್ಮದೇ ಆದ ಬೇರೊಂದು ಹೆಸರಿನ ಫೋಲ್ಡರನ್ನು ಮಾಡಿಕೊಳ್ಳುತ್ತಾರೆ. ಇದನ್ನು ‘ನೇಮ್‌ಸ್ಪೇಸ್’, ಎಂದರೆ ನಾಮವಲಯ, ಎನ್ನುತ್ತಾರೆ. ಇಬ್ಬರು ರಚನಕಾರರು ತಮ್ಮ ತಮ್ಮ ವಲಯದಲ್ಲಿ ‘ಸ್ಟೋನ್’ ಎಂಬ ಚಿತ್ರವನ್ನಿಟ್ಟರೂ ಒಂದು ಇನ್ನೊಂದನ್ನು ಮರೆಮಾಡುವುದಿಲ್ಲ. ಒಂದೇ ಬೀದಿಯಲ್ಲಿ ಒಂದೇ ಸಂಖ್ಯೆಯ ಎರಡು ಮನೆಗಳಿದ್ದರೆ ಅಂಚೆಯವನಿಗೆ ಕಷ್ಟ. ಎರಡು ಬೀದಿಗಳಲ್ಲಿ ಒಂದೊಂದಿದ್ದರೆ ಕಷ್ಟವೇನಿದೆ?

ಇಲ್ಲಿ ಎರಡು ಸಂದರ್ಭಗಳನ್ನು ಬೇರ್ಪಡಿಸಿ ತಿಳಿಯಬೇಕು. ಮೂಲ ಆಟದ ಕಲ್ಲಿನ ರೂಪವನ್ನೇ ಬದಲಾಯಿಸುವುದು ಉದ್ದೇಶವಾಗಿದ್ದರೆ ಮೂಲದ ವಿಳಾಸವನ್ನೇ ಅಕ್ಷರಶಃ ಬಳಸಬೇಕು. ಆಗ ಹೆಸರಿನ ಸಾಮ್ಯವು ಬೇಕೆಂದೇ ಮಾಡಿದ್ದು. ಹೊಸ ವಸ್ತುವೊಂದನ್ನು ಕೂಡಿಸುವುದು ಉದ್ದೇಶವಾಗಿದ್ದರೆ ಯಾರೂ ಬಳಸದ ವಲಯವನ್ನೂ ಹೆಸರನ್ನೂ ಆರಿಸಬೇಕು; ಆಗ ಹೆಸರಿನ ಸಾಮ್ಯವು ಅಪಘಾತ. ಇವೆರಡನ್ನೂ ಬೆರೆಸಿದವನು ಬದಲಾಯಿಸಬೇಕಾದುದನ್ನು ಬದಲಾಯಿಸಲಾರದೆ, ಬದಲಾಯಿಸಬಾರದುದನ್ನು ಬದಲಾಯಿಸಿಬಿಡುತ್ತಾನೆ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದರೂ ಬದಲಾವಣೆ ನಡೆಯದು. 2018ರಲ್ಲಿ ಈ ಆಟದ 1.13ನೆಯ ಆವೃತ್ತಿಯು ಬಂದಾಗ ‘ಬ್ಲಾಕ್ಸ್’ ಎಂಬ ಫೋಲ್ಡರಿನ ಹೆಸರು ‘ಬ್ಲಾಕ್’ ಎಂದಾಯಿತು. ಹಳೆಯ ವಿಳಾಸದಲ್ಲಿಯೇ ಉಳಿದ ಚಿತ್ರಗಳನ್ನು ಹೊಸ ಆವೃತ್ತಿಯು ಕರೆಯುವುದನ್ನು ಬಿಟ್ಟಿತು. ವಸ್ತುವೊಂದಕ್ಕೆ ಹೇಳಿದ ವಿಳಾಸದಲ್ಲಿ ಯಾವ ಚಿತ್ರವೂ ಸಿಗದಿದ್ದರೆ ಈ ಆಟವು ಕಡುಗೆಂಪು ನೇರಳೆ ಮತ್ತು ಕಪ್ಪು ಬಣ್ಣದ ಚೌಕಗಳನ್ನು ತೋರಿಸುತ್ತದೆ. ಅದು ನೋಡಲು ಅಂದವಾಗಿಲ್ಲದಿದ್ದರೂ ತಪ್ಪನ್ನು ಕಣ್ಣಿಗೆ ಕಾಣುವಂತೆ ಮಾಡುವುದರಿಂದ ಉಪಕಾರಿಯೇ ಸರಿ.

ಹೆಸರುಗಳ ವಿಷಯದಲ್ಲಿ ಕಣ್ಣನ್ನು ಮಾತ್ರ ನಂಬುವಂತಿಲ್ಲ. ರೋಮನ್ ಲಿಪಿಯಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಂಬ ಭೇದವಿದೆ. ವಿಂಡೋಸ್ ವ್ಯವಸ್ಥೆಯು ಸಾಮಾನ್ಯವಾಗಿ ಇವೆರಡನ್ನೂ ಒಂದೆಂದೇ ಎಣಿಸುತ್ತದೆ. ಲಿನಕ್ಸ್ ವ್ಯವಸ್ಥೆಯು ಬೇರೆ ಬೇರೆ ಎಂದು ಎಣಿಸುತ್ತದೆ. ಒಂದರಲ್ಲಿ ಸರಿಯಾಗಿ ನಡೆದ ಕೆಲಸವು ಇನ್ನೊಂದರಲ್ಲಿ ಕೆಡಲು ಇಷ್ಟೇ ಸಾಕು. ಈ ಕಾರಣದಿಂದಲೇ ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯಲ್ಲಿ ಇಂಥ ಹೆಸರುಗಳನ್ನು ರೋಮನ್ ಲಿಪಿಯ ಚಿಕ್ಕ ಅಕ್ಷರಗಳು, ಅಂಕಿಗಳು ಮತ್ತು ಅಡಿಗೆರೆಯಂಥ ಕೆಲವೇ ಚಿಹ್ನೆಗಳಿಂದ ಬರೆಯುವುದು ಕ್ಷೇಮಕರ.

ನಮ್ಮ ಕನ್ನಡ ಲಿಪಿಯಲ್ಲಿ ದೊಡ್ಡ ಚಿಕ್ಕ ಅಕ್ಷರಗಳ ಭೇದವಿಲ್ಲ. ಆದರೆ ಬೇರೊಂದು ಬಗೆಯ ತೊಡಕಿದೆ. ಪ್ರಪಂಚದ ಲಿಪಿಗಳಿಗೆಲ್ಲ ಸಂಕೇತಸಂಖ್ಯೆಗಳನ್ನು ಗೊತ್ತುಪಡಿಸಿರುವ ಯೂನಿಕೋಡ್ ಪದ್ಧತಿಯಲ್ಲಿ ‘ಕೊಳ’ ಎಂಬ ಪದದ ಮೊದಲಕ್ಷರವನ್ನು ಎರಡು ರೀತಿಯಲ್ಲಿ ದಾಖಲಿಸಬಹುದು. ಕಕಾರಕ್ಕೆ ಒಕಾರದ ಒಂದೇ ಚಿಹ್ನೆಯನ್ನು ಹಚ್ಚುವುದು ಒಂದು ರೀತಿ; ಎಕಾರದ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಒಂದರ ಮುಂದೊಂದು ಹಚ್ಚುವುದು ಇನ್ನೊಂದು ರೀತಿ. ಯೂನಿಕೋಡಿನ ನಿಯಮವು ಇವೆರಡನ್ನೂ ಸಮಾನವೆಂದೇ ಹೇಳುತ್ತದೆ. ಆದರೆ ಸಂಕೇತಸಂಖ್ಯೆಗಳನ್ನು ಇದ್ದಂತೆಯೇ ಹೋಲಿಸುವ ವ್ಯವಸ್ಥೆಯು ಅವುಗಳನ್ನು ಎರಡು ಬೇರೆ ಹೆಸರುಗಳೆಂದು ತಿಳಿಯುತ್ತದೆ. ಪರದೆಯ ಮೇಲೆ ಎರಡೂ ‘ಕೊಳ’ವೇ, ಒಂದನ್ನು ಕರೆದರೆ ಇನ್ನೊಂದು ಓಗೊಡದು. ಒಂದೇ ಹೆಸರಿನ ಎರಡು ಚಿತ್ರಗಳು ಎಷ್ಟು ತೊಂದರೆ ಕೊಡುತ್ತವೆಯೋ ಒಂದೇ ಬಗೆಯಾಗಿ ಕಾಣುವ ಎರಡು ಹೆಸರುಗಳೂ ಅಷ್ಟೇ ತೊಂದರೆ ಕೊಡುತ್ತವೆ.

ಇದುವರೆಗೆ ಹೇಳಿದುದರಿಂದ ಚಿತ್ರ ರಚಿಸುವವನು ಪಾಲಿಸಬೇಕಾದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ಮೊದಲನೆಯದಾಗಿ, ತನ್ನ ಕೃತಿಗೆ ತನ್ನದೇ ಆದ ನಾಮವಲಯವನ್ನು ಗೊತ್ತುಮಾಡಿಕೊಳ್ಳಬೇಕು. ಅಂಥ ಏರ್ಪಾಡಿಲ್ಲದ ಆಟವಾದರೆ ಪ್ರತಿಯೊಂದು ಹೆಸರಿನ ಮುಂದೆಯೂ ತನ್ನ ಕೃತಿಯನ್ನು ಸೂಚಿಸುವ ಪದವೊಂದನ್ನು ಇಡಬೇಕು. ‘ಗೋಡೆ1’ ಎಂಬುದಕ್ಕಿಂತ ‘ಹಂಪಿ_ಗೋಡೆ_01’ ಎಂಬುದು ಲೇಸು. ಎರಡನೆಯದಾಗಿ, ‘ಹೊಸದು’, ‘ಕೊನೆಯದು’ ಎಂಬಂಥ ಹೆಸರುಗಳನ್ನು ಬಿಡಬೇಕು. ಇಂದಿನ ಹೊಸದು ನಾಳೆಗೆ ಹಳೆಯದಾಗುತ್ತದೆ. ಮೂರನೆಯದಾಗಿ, ತಾನು ಬದಲಾಯಿಸಿದ ಚಿತ್ರಗಳನ್ನು ಮಾತ್ರ ಪ್ಯಾಕಿನಲ್ಲಿ ಸೇರಿಸಬೇಕು. ಮೂಲದ ಚಿತ್ರಗಳನ್ನೆಲ್ಲ ಸುಮ್ಮನೆ ನಕಲು ಮಾಡಿ ತುಂಬಿದರೆ, ಕೆಳಗಿನ ಪ್ಯಾಕಿನಲ್ಲಿರುವ ಇತರರ ಶ್ರಮವನ್ನು ನಿಷ್ಕಾರಣವಾಗಿ ಮರೆಮಾಡಿದಂತಾಗುತ್ತದೆ. ನಾಲ್ಕನೆಯದಾಗಿ, ಹಲವರು ಕೂಡಿ ಕೆಲಸ ಮಾಡುವಾಗ ಬಳಸಿದ ಹೆಸರುಗಳನ್ನೆಲ್ಲ ಒಂದು ದಾಖಲೆಯಲ್ಲಿ ಬರೆದಿಡಬೇಕು. ಐದನೆಯದಾಗಿ, ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬೇಕಾಗಿ ಬಂದರೆ ಆ ಹೆಸರನ್ನು ಕರೆಯುವ ಎಲ್ಲ ಸ್ಥಳಗಳನ್ನೂ ತಿದ್ದಬೇಕು. ಕಡೆಯದಾಗಿ, ತನ್ನ ಪ್ಯಾಕನ್ನು ಒಂಟಿಯಾಗಿ ಪರೀಕ್ಷಿಸಿದರೆ ಸಾಲದು. ಇತರರ ಪ್ಯಾಕುಗಳ ಜೊತೆಗೂ ಸೇರಿಸಿ ನೋಡಬೇಕು. ಘರ್ಷಣೆಯು ಇನ್ನೊಬ್ಬರು ಬಂದಾಗಲೇ ಪ್ರಕಟವಾಗುವುದು.

ಇವೆಲ್ಲ ಅತಿ ಸಣ್ಣ ಸಂಗತಿಗಳೆಂದು ಕೆಲವರಿಗೆ ತೋರಬಹುದು. ಆದರೆ ಮರೆಯಾದ ಒಂದು ಚಿತ್ರದ ಹಿಂದೆ ಯಾರೋ ಒಬ್ಬರು ಹಲವು ಸಂಜೆಗಳನ್ನು ವ್ಯಯಿಸಿ, ಒಂದೊಂದು ಚುಕ್ಕೆಯನ್ನೂ ಆರಿಸಿ ಇಟ್ಟ ಶ್ರಮವಿರುತ್ತದೆ. ಆ ವ್ಯಕ್ತಿಯನ್ನು ನಾವು ಕಂಡಿರುವುದಿಲ್ಲ; ನಮ್ಮ ಹೆಸರು ಅವರಿಗೆ ತಿಳಿದಿರುವುದಿಲ್ಲ. ಆದರೂ ಇಬ್ಬರ ಚಿತ್ರಗಳೂ ಮೂರನೆಯವನೊಬ್ಬನ ಯಂತ್ರದಲ್ಲಿ ಒಂದೇ ಸೂರಿನ ಕೆಳಗೆ ಬಾಳಬೇಕಾಗುತ್ತದೆ. ಕಾಣದ ಸಹೋದ್ಯೋಗಿಗೂ ಸ್ಥಳವಿರುವಂತೆ ನಡೆದುಕೊಳ್ಳುವುದು ಸಂಸ್ಕೃತಿಯ ಲಕ್ಷಣ. ಕಡತವೊಂದಕ್ಕೆ ಹೆಸರಿಡುವ ಮುನ್ನ ಒಂದು ಕ್ಷಣ ತಡೆದು, ಈ ಹೆಸರನ್ನು ಇನ್ನೊಬ್ಬರೂ ಇಟ್ಟಿರಬಹುದೇ ಎಂದು ಯೋಚಿಸುವವನು ತನ್ನ ಚಿತ್ರವನ್ನೂ ಉಳಿಸಿಕೊಳ್ಳುತ್ತಾನೆ, ಪರರ ಚಿತ್ರವನ್ನೂ ಉಳಿಸುತ್ತಾನೆ.